ಡೈನಮೋ ಕಟ್ಟಿಸಿದೆ, ಎಕ್ಸೆಲ್ ಜಾಯಿಂಟ್ ಹೊಸದೇ ತಂದೆ

ಗಾಡಿ 2006ರ ಮಾರುತಿ 800, ಎಂಪಿಎಫ್‌ಐ, ಅಂದರೆ ಪೆಟ್ರೋಲ್ ಇಂಜೆಕ್ಷನ್ನಿನ ಎಂಜಿನ್. ನಂಬರ್ ಕೆಎ 31, ಅಂದರೆ ಶಿರಸಿ ಪಾಸಿಂಗ್. ಮಾವನವರು ಓಡಿಸುತ್ತಿದ್ದದ್ದು, ಈಗ ಕುಮಟಾ ಹತ್ತಿರ ಅಘನಾಶಿನಿ ಕಡೆ ನಮ್ಮನೆಯಲ್ಲಿದೆ. ಹದಿನೈದು ವರ್ಷ ತುಂಬಿದಾಗ ಆರ್‌ಸಿ ರಿನ್ಯೂ ಮಾಡಿಸಿದ್ದೇವೆ. ಮಾರುವ ಮನಸ್ಸಿಲ್ಲ. ಮಾರಿದರೂ ಯಾರು ಎಷ್ಟು ಕೊಡುತ್ತಾರೆ, ಅಲ್ವಾ?

ಈ ಮಳೆಗಾಲದಲ್ಲಿ ಮೂರು ತಕರಾರು ಒಟ್ಟಿಗೇ ಎದ್ದವು. ರಾತ್ರಿ ಹೆಡ್‌ಲೈಟು, ವೈಪರು ಎರಡೂ ಹಾಕಿದರೆ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಮಂದವಾಗಿ ಹತ್ತಿಕೊಳ್ಳುತ್ತಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಒಮ್ಮೊಮ್ಮೆ ಬರೀ 'ಟಕ್'. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಗಾಡಿ ಬಿಟ್ಟರೆ ಎಡಗಡೆ ಮುಂದಿನ ಗಾಲಿಯಲ್ಲಿ 'ಕಟ ಕಟ ಕಟ'. ದೇವಿಮನೆ ಘಾಟಿ ಹತ್ತುವಾಗ ಇವು ಮೂರೂ ಒಟ್ಟಿಗೆ ಕೈಕೊಟ್ಟರೆ ಕಾಡಿನ ಮಧ್ಯೆ ಜಿಗಣೆಗೆ ರಕ್ತದಾನ ಮಾಡುತ್ತಾ ನಿಲ್ಲಬೇಕು.

ಶಿರಸಿಯ ಭಾವನಿಗೆ ಫೋನ್ ಮಾಡಿದೆ. ಅವನದು ಒಂದೇ ಮಾತು: "ಹಳೇ ಗಾಡಿಗೆ ಎಂತಕ್ಕೆ ಮಾರಾಯಾ ಕಂಪನಿ ಪಾರ್ಟು? ರೀಕಂಡಿಶನ್ ತಂದು ಹಾಕ್ಸು." ಕುಮಟಾದಲ್ಲಿ ಗೊತ್ತಿರುವ ಮೆಕ್ಯಾನಿಕ್ಕರನ್ನು ಕೇಳಿದರೆ ಪೂರಾ ಉಲ್ಟಾ: "ಒರಿಜಿನಲ್ ಬಿಟ್ರೆ ಬೇರೆ ಮುಟ್ಬೇಡಿ ಮಾರಾಯ್ರೆ." ಇಬ್ಬರ ಮಾತೂ ಅರ್ಧ ಸರಿ ಅಂತ ನನ್ನ ಲೆಕ್ಕ. ಪಾರ್ಟಿನೊಳಗೆ ಸವೆದದ್ದು ಯಾವುದು ಅಂತ ನೋಡದೆ ಒರಿಜಿನಲ್ಲೋ ರೀಕಂಡಿಶನ್ನೋ ಅಂತ ತೀರ್ಮಾನ ಮಾಡಲಿಕ್ಕೆ ಬರುವುದಿಲ್ಲ. ಸವೆಯುವ ತುಂಡು ಬೇರೆಯಾಗಿ ಬಿಚ್ಚಿ ಬರುತ್ತದೆ ಅಂತಾದರೆ ಆ ತುಂಡು ಬದಲಿಸಿ ಅದೇ ಪಾರ್ಟನ್ನು ಕಟ್ಟಿಸಬಹುದು. ಪಾರ್ಟಿನ ಮೈಯೇ ಸವೆದಿದ್ದರೆ ಹೊಸದು ತರಬೇಕು. ಡೈನಮೋ, ಸೆಲ್ಫ್ ಮೋಟರು, ಎಕ್ಸೆಲ್ ಜಾಯಿಂಟು, ಮೂರು ಪಾರ್ಟಿಗೂ ಇದೇ ಲೆಕ್ಕ ಹಾಕಿದೆ.

ಮೊದಲು ಡೈನಮೋ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು. ಆಲ್ಟರ್ನೇಟರ್ ಅನ್ನಬೇಕು, ಆದರೆ ನಮ್ಮ ಕಡೆ ಗ್ಯಾರೇಜಿನಲ್ಲಿ ಹಾಗೆ ಕೇಳಿದರೆ ಒಂದು ಕ್ಷಣ ಮುಖ ನೋಡುತ್ತಾರೆ.

ಪಾರ್ಟಿನ ರೇಟು ವಿಚಾರಿಸುವ ಮುಂಚೆ ಮೀಟರ್ ಹಿಡಿದೆ. ಎಂಜಿನ್ ಬಂದ್ ಇದ್ದಾಗ ಬ್ಯಾಟರಿಯಲ್ಲಿ 12.3 ವೋಲ್ಟ್. ಎಂಜಿನ್ ಚಾಲೂ ಮಾಡಿ, ಏನೂ ಹಾಕದೆ ನೋಡಿದರೆ 13.1. ಹೆಡ್‌ಲೈಟು, ವೈಪರು, ಬ್ಲೋವರ್ ಎಲ್ಲ ಹಾಕಿದ ಮೇಲೆ 12.2, ಅದೂ ನಿಧಾನಕ್ಕೆ ಇಳಿಯುತ್ತಾ. ಈ ಕಾಲದ ಗಾಡಿಗೆ ಚಾರ್ಜಿಂಗ್ 13.8ರಿಂದ 14.4ರ ಒಳಗೆ ಇರಬೇಕು. ಈಚಿನ ಕೆಲವು ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಬೇಕೆಂದೇ ಕಡಿಮೆ ಮಾಡುತ್ತದೆ, ಅಲ್ಲಿಗೆ ಈ ಲೆಕ್ಕ ಹಿಡಿಯಬೇಡಿ.

ಇಷ್ಟು ಕಂಡ ಕೂಡಲೇ 'ಡೈನಮೋ ಹೋಯ್ತು' ಅಂತ ಹೇಳುವವರೇ ಜಾಸ್ತಿ. ಕರಾವಳಿಯಲ್ಲಿ ಅದಕ್ಕೂ ಮುಂಚೆ ನೋಡಬೇಕಾದದ್ದು ಅರ್ಥ್, ಅಂದರೆ ಬ್ಯಾಟರಿ ಮೈನಸ್ಸಿಗೂ ಎಂಜಿನ್, ಬಾಡಿಗೂ ಇರುವ ಜೋಡಣೆ. ನಮ್ಮ ಮನೆ ರಸ್ತೆ ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆಯ ಪಕ್ಕದಲ್ಲೇ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಭರತಕ್ಕೆ ಉಪ್ಪುನೀರು ರಸ್ತೆಗೇ ಬರುತ್ತದೆ. ನದಿಯ ಆಚೆ ದಡದ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ, ಈಚೆ ದಡದಲ್ಲಿ ನಮ್ಮ ಗಾಡಿಗಳು ಪುಕ್ಕಟೆ ಉಪ್ಪು ಹಿಡಿಯುತ್ತವೆ.

ಎಂಜಿನ್ ಓಡುತ್ತಿರುವಾಗ, ಎಲ್ಲ ಲೈಟು ಹಾಕಿ, ಮೀಟರಿನ ಒಂದು ಕಡ್ಡಿ ಡೈನಮೋದಿಂದ ಚಾರ್ಜ್ ಹೊರಬರುವ ಬಿ ಟರ್ಮಿನಲ್ಲಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ ಇಟ್ಟೆ. 0.1 ವೋಲ್ಟ್ ಬಂತು, ತೊಂದರೆ ಇಲ್ಲ. ಆಮೇಲೆ ಒಂದು ಕಡ್ಡಿ ಡೈನಮೋದ ಮೈಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. 0.6! ಎರಡೂ ಕಡೆ 0.2ರ ಒಳಗೇ ಇರಬೇಕು. ಅರ್ಥ್ ಪಟ್ಟಿ ಬಿಚ್ಚಿದರೆ ಬೋಲ್ಟಿನ ಕೆಳಗೆ ಹಸಿರು ಪುಡಿ, ತಾಮ್ರದ ಎಳೆ ಅರ್ಧಕ್ಕರ್ಧ ತಿಂದುಹೋಗಿತ್ತು. ಹೊಸ ಪಟ್ಟಿ ಹಾಕಿ, ಬಾಡಿ ಜಾಗವನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿದ ಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಬೆಲ್ಟ್ ಬಿಗಿಯನ್ನೂ ನೋಡಿದೆ. ಇದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವುದರಿಂದ ಅದರ ಮೇಲೆ ಹೇಗೂ ಕಣ್ಣಿರಬೇಕು.

ಅಷ್ಟಕ್ಕೇ ಚಾರ್ಜಿಂಗ್ 13.4ಕ್ಕೆ ಏರಿತು. ಲೈಟು ಹಾಕಿದರೆ 12.7. ಉತ್ತಮ, ಆದರೂ ಸಾಲದು. ಆಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿದೆ: 0.9 ವೋಲ್ಟ್. ಚಲೋ ಡೈನಮೋದಲ್ಲಿ ಇದು 0.5 ದಾಟಬಾರದು. ದಾಟಿತು ಅಂದರೆ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದೆ ಅಂತ ಅನುಮಾನ ಪಡಬೇಕು. ಇಲ್ಲೊಂದು ಎಚ್ಚರ. ಕೆಲವು ಅಗ್ಗದ ಮೀಟರುಗಳು ಎಸಿಯಲ್ಲಿಟ್ಟರೂ ಡಿಸಿಯನ್ನೇ ಸೇರಿಸಿ ಏನೇನೋ ತೋರಿಸುತ್ತವೆ. ಎಂಜಿನ್ ಬಂದ್ ಇದ್ದಾಗ ಬ್ಯಾಟರಿಗೆ ಹಿಡಿದು ಸೊನ್ನೆ ಬರುತ್ತದಾ ನೋಡಿಕೊಂಡೇ ಮುಂದುವರಿಯಿರಿ.

ಈಗ ಡೈನಮೋ ಇಳಿಸಲೇಬೇಕು ಅಂತ ಖಾತ್ರಿಯಾಯಿತು. ರೇಟು ಕೇಳಲಿಕ್ಕೆ ಹೊರಟೆ.

ಒರಿಜಿನಲ್ ಅನ್ನುವುದರಲ್ಲೇ ಎರಡು ಬಗೆ ಇದೆ. ಒಂದು, ಕಾರ್ ಕಂಪನಿಯ ಡಬ್ಬಿಯಲ್ಲಿ ಬರುವುದು. ಇನ್ನೊಂದು, ಆ ಪಾರ್ಟನ್ನು ಕಾರ್ ಕಂಪನಿಗೆ ಮಾಡಿಕೊಡುವವರು ತಮ್ಮದೇ ಡಬ್ಬಿಯಲ್ಲಿ ಮಾರುವುದು. ನನ್ನ ಗಾಡಿಯ ಡೈನಮೋ ಮೇಲೆ ಲೂಕಾಸ್ ಟಿವಿಎಸ್ ಅಂತ ಚೀಟಿ ಇತ್ತು. ಅದೇ ಹೆಸರಿನ ಡಬ್ಬಿ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ, ಅದೂ ಕಾರ್ ಕಂಪನಿ ಡಬ್ಬಿಗಿಂತ ಕಡಿಮೆಗೆ. ಡಬ್ಬಿ ಯಾವುದೇ ಇರಲಿ, ಪಾರ್ಟ್ ನಂಬರು, ಎಂಆರ್‌ಪಿ ಚೀಟಿ, ಜಿಎಸ್‌ಟಿ ಬಿಲ್ಲು ಮೂರೂ ಬೇಕು. 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳ ಮೇಲೆ ಜಿಎಸ್‌ಟಿ ಶೇ. 18ಕ್ಕೆ ಬಂದಿದೆ. ಅದಕ್ಕೂ ಮುಂಚೆ ಹೆಚ್ಚಿನವಕ್ಕೆ ಶೇ. 28 ಇತ್ತು. ಹಾಗಾಗಿ ಹಳೇ ಎಂಆರ್‌ಪಿ ಚೀಟಿಯ ಮೇಲೆ ಪೂರ್ತಿ ರೇಟು ಹೇಳಿದರೆ ಕೇಳಿ ನೋಡಿ, ಇಳಿಯುತ್ತದೆ.

ನನಗೆ ಹೇಳಿದ ರೇಟು ಹೀಗಿತ್ತು. ಕಾರ್ ಕಂಪನಿ ಡಬ್ಬಿ ಎಂಟು ಸಾವಿರದ ಹತ್ತಿರ. ತಯಾರಕರ ಡಬ್ಬಿ ಆರೂವರೆ. ಶೆಲ್ಫಿನ ಮೇಲಿನ ರೀಕಂಡಿಶನ್, ಹಳೇದು ಕೊಟ್ಟರೆ 2,800. ನನ್ನದನ್ನೇ ಬಿಚ್ಚಿ ಕಟ್ಟಿಸಿದರೆ ಎರಡು ಸಾವಿರದ ಆಚೀಚೆ.

ಮಾರುತಿ 800 ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಆದರೂ ಪಾರ್ಟಿಗೇನೂ ಬರ ಇಲ್ಲ. ಕುಮಟಾದಲ್ಲಿ ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಇರುತ್ತದೆ, ಸಂಜೆ ಬಸ್ಸಿಗೆ ಹಾಕಿ ಅಂದರೆ ಬಂತು.

ಶೆಲ್ಫಿನ ರೀಕಂಡಿಶನ್ನನ್ನು ಕೈಗೆತ್ತಿಕೊಂಡು ನೋಡಿದೆ. ಮದುವೆ ಮನೆಯ ಚಪ್ಪರದ ಕಂಬದ ಹಾಗೆ ಮೇಲಿಂದ ಕೆಳಗಿನವರೆಗೆ ಬೆಳ್ಳಿ ಬಣ್ಣ. ಬೋಲ್ಟಿನ ತಲೆಯ ತೋಡಿನೊಳಗೂ ಬಣ್ಣ, ಬೇರಿಂಗ್ ಸೀಲಿನ ಅಂಚಿಗೂ ಬಣ್ಣ. ಇದರಲ್ಲಿ ಬರೀ ಚಂದದ ಪ್ರಶ್ನೆ ಇಲ್ಲ. ಡೈನಮೋಕ್ಕೆ ಅರ್ಥ್ ಸಿಗುವುದೇ ಅದರ ಮೈಯಿಂದ, ಎಂಜಿನ್ನಿಗೆ ಕೂರುವ ಕಿವಿಯ ಮೂಲಕ. ಅಲ್ಲಿ ಬಣ್ಣ ಬಳಿದರೆ ಮತ್ತೆ ನನ್ನ 0.6 ವೋಲ್ಟಿನ ಕತೆಯೇ. ಪುಲ್ಲಿ ಹಿಡಿದು ಅಲ್ಲಾಡಿಸಿದೆ, ಆಟ ಇರಲಿಲ್ಲ. ಮುಂದಿನ ಅರ್ಧ ಒಂದು ತಯಾರಿಯದು, ಹಿಂದಿನದು ಇನ್ನೊಂದು ಅಂತ ಎರಕದ ಗುರುತಿನಲ್ಲೇ ಕಾಣುತ್ತಿತ್ತು. "ಒಳಗೆ ಯಾವ ಬೇರಿಂಗ್ ಹಾಕಿದ್ದೀರಿ?" ಅಂತ ಕೇಳಿದೆ. "ಚಲೋದೇ ಹಾಕಿರ್ತಾರೆ" ಅಂದರು. ಅಂದರೆ ಹಾಕಿದವರು ಅವರಲ್ಲ. ವಾಪಸ್ ಶೆಲ್ಫಿಗೆ ಇಟ್ಟೆ.

ರೀಕಂಡಿಶನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಯಾರದೋ ಡೈನಮೋ, ಯಾರೋ ಕಟ್ಟಿದ್ದು, ಯಾವ ಸಾಮಾನು ಅಂತ ಗೊತ್ತಿಲ್ಲ. ಅದಕ್ಕೆ ಬದಲಾಗಿ ನನ್ನ ಕೈಲಿರುವ ಒರಿಜಿನಲ್ ಮೈಯನ್ನು ಕೊಟ್ಟು ಬರಬೇಕು. ಈ ವ್ಯವಹಾರ ನನಗೆ ಒಪ್ಪಿಗೆಯಾಗಲಿಲ್ಲ.

ಶಿರಸಿಯಲ್ಲಿ ಹುಬ್ಬಳ್ಳಿ ರಸ್ತೆ ಕಡೆ ಒಬ್ಬರು ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ನಾಯ್ಕರು. ಲಾರಿ, ಬೊಲೆರೊ, ಅಡಿಕೆ ಸುಲಿಯುವ ಮಶೀನಿನ ಮೋಟರು, ಎಲ್ಲ ಅವರ ಮೇಜಿನ ಮೇಲೆ ಬರುತ್ತದೆ. ಬೆಂಚಿನ ಎದುರು ಕೂತು ನೋಡಲಿಕ್ಕೆ ಬಿಡುತ್ತಾರೆ. ಇದೊಂದು ಗುಣಕ್ಕೇ ನಾನು ಘಾಟಿ ಹತ್ತಿ ಅವರಲ್ಲಿಗೆ ಹೋಗುವುದು.

"ಏನ್ ಹೆಗಡೇರೆ, ಹೊಸದಕ್ಕೆ ದುಡ್ಡಿಲ್ವಾ?" ಅಂತ ನಕ್ಕರು.

"ಒಳಗೆ ನೋಡಿ ಹೇಳಿ ನಾಯ್ಕರೇ, ಬೇಕಾದರೆ ಹೊಸದೇ ತರೋಣ" ಅಂದೆ.

ಎರಡು ಅರ್ಧಗಳ ಮೇಲೂ ಸೇರುವ ಹಾಗೆ ಒಂದು ಗೀರು ಎಳೆದರು, ವಾಪಸ್ ಜೋಡಿಸುವಾಗ ದಿಕ್ಕು ತಪ್ಪಬಾರದಲ್ಲ. ಪುಲ್ಲಿ ನಟ್ಟನ್ನು ಗನ್ನಿನಲ್ಲಿ ಬಿಚ್ಚಿ, ಉದ್ದ ಬೋಲ್ಟು ತೆಗೆದು, ಸ್ಕ್ರೂಡ್ರೈವರಿನಿಂದ ಮೀಟಿ ಎರಡು ಭಾಗ ಮಾಡಿದರು. ಡಯೋಡ್ ಪ್ಲೇಟಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಉಗುರಿನಿಂದ ಕೆರೆದರೆ ಕೆಳಗೆ ಅಲ್ಯೂಮಿನಿಯಂ ಗುಂಡಿ ಗುಂಡಿ. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಎರಡೂ ಸವೆದು ಐದು ಮಿಲಿಮೀಟರಿನಷ್ಟು ಉಳಿದಿದ್ದವು. ಮುಂದಿನ ಬೇರಿಂಗನ್ನು ಕಿವಿ ಹತ್ತಿರ ಹಿಡಿದು ತಿರುಗಿಸಿದರೆ ಮರಳು ಅರೆದ ಹಾಗೆ ಗರಗರ.

ತಕರಾರು ಇಷ್ಟು. ನಿರ್ಧಾರ ಮಾಡುವುದು ಇವುಗಳ ಮೇಲಲ್ಲ. ರೋಟರ್ (ತಿರುಗುವ ಸುರುಳಿ), ಸ್ಟೇಟರ್ (ಅದರ ಸುತ್ತ ನಿಂತಿರುವ ಸುರುಳಿ) ಹೇಗಿವೆ ಅನ್ನುವುದರ ಮೇಲೆ. ರೋಟರಿನ ಎರಡು ತಾಮ್ರದ ಉಂಗುರಗಳ ನಡುವೆ ಮೀಟರಿಟ್ಟರೆ 3 ಓಮ್ ಆಸುಪಾಸು ಬಂತು, ಸರಿಯಾಗಿದೆ. ಉಂಗುರದಿಂದ ಶಾಫ್ಟಿಗೆ ಇಟ್ಟರೆ ಏನೂ ತೋರಿಸಬಾರದು, ತೋರಿಸಲೂ ಇಲ್ಲ. ಸ್ಟೇಟರಿನ ಮೂರು ತಂತಿಗಳನ್ನು ಡಯೋಡಿನಿಂದ ಬೆಸುಗೆ ಬಿಡಿಸಿ ನೋಡಿದರು. ಒಂದರಿಂದ ಒಂದಕ್ಕೆ ಹಾದಿ ಇದೆ, ಕಬ್ಬಿಣಕ್ಕೆ ಇಲ್ಲ. ವೈಂಡಿಂಗಿನ ಬಣ್ಣ ಸುತ್ತಲೂ ಒಂದೇ ಥರ, ಸುಟ್ಟ ಕಪ್ಪು ಎಲ್ಲೂ ಇಲ್ಲ, ವಾಸನೆಯೂ ಇಲ್ಲ. ಆಮೇಲೆ ಡಯೋಡುಗಳು. ಮೀಟರ್ ಕಡ್ಡಿ ಒಂದು ಕಡೆಗೆ ಇಟ್ಟರೆ ಅರ್ಧ ವೋಲ್ಟಿನಷ್ಟು ತೋರಿಸಿ, ತಿರುಗಿಸಿ ಇಟ್ಟರೆ ಏನೂ ತೋರಿಸಬಾರದು. ಆರರಲ್ಲಿ ಐದು ಹಾಗೇ ಇದ್ದವು. ಒಂದು ಎರಡೂ ಕಡೆಯಿಂದ ಸತ್ತಿತ್ತು. 0.9 ವೋಲ್ಟ್ ಎಸಿ ಬಂದದ್ದು ಇಲ್ಲಿಂದ.

ರೋಟರ್ ಶಾರ್ಟ್ ಆಗಿದ್ದರೆ, ಸ್ಟೇಟರ್ ಸುಟ್ಟಿದ್ದರೆ, ನಾನು ಆರೂವರೆ ಸಾವಿರದ ಹೊಸ ಡಬ್ಬಿಯನ್ನೇ ತರುತ್ತಿದ್ದೆ. ರೀವೈಂಡಿಂಗ್ ಮಾಡುವವರು ಇದ್ದಾರೆ, ಆದರೆ ಎಂಜಿನ್ನಿಗಿಂತ ಎರಡು ಪಟ್ಟು ಜಾಸ್ತಿ ವೇಗದಲ್ಲಿ ತಿರುಗುವ ರೋಟರಿನಲ್ಲಿ ಕೈಯಲ್ಲಿ ಸುತ್ತಿದ ತಂತಿಯ ಮೇಲೆ ನನಗೆ ನಂಬಿಕೆ ಕಡಿಮೆ. ಇಲ್ಲಿ ಹಾಗಿರಲಿಲ್ಲ. ಬೆಲೆ ಬಾಳುವ ತಾಮ್ರ, ಕಬ್ಬಿಣ, ಎರಕದ ಮೈ ಎಲ್ಲ ಚಲೋ ಇದೆ, ಅದೂ ಗಾಡಿ ಜೊತೆ ಬಂದದ್ದು. ಹೋದದ್ದು ಬೇರೆಯಾಗಿ ಸಿಗುವ ನಾಲ್ಕು ಸಾಮಾನು.

ಆ ನಾಲ್ಕನ್ನೂ ನಾನೇ ತಂದುಕೊಟ್ಟೆ. ಬೇರಿಂಗ್ ಎರಡು: ಹಳೇದರ ಮೇಲೆ ಕೆತ್ತಿದ ನಂಬರ್ ನೋಡಿ ಅದೇ ಅಳತೆಯದು, ಎರಡೂ ಕಡೆ ರಬ್ಬರ್ ಸೀಲ್ ಇರುವುದು, ನಂಬರಿನ ಕೊನೆಗೆ ಸಿ3 ಅಂತ ಇರುವುದು. ಆ ಸಿ3 ಅಂದರೆ ಒಳಗೆ ಸ್ವಲ್ಪ ಜಾಸ್ತಿ ಸಡಿಲ ಬಿಟ್ಟಿರುತ್ತಾರೆ. ಡೈನಮೋ ಬಿಸಿಗೆ ಬೇರಿಂಗ್ ಹಿಗ್ಗಿದಾಗ ಹಿಡಿದುಕೊಳ್ಳಬಾರದು ಅಂತ. ಫ್ಯಾನಿಗೆ ಹಾಕುವ ಸಾದಾ ಬೇರಿಂಗ್ ಅಳತೆಗೆ ಕೂರುತ್ತದೆ, ಸ್ವಲ್ಪ ದಿನಕ್ಕೆ ಕೂಗುತ್ತದೆ. ಡಯೋಡ್ ಪ್ಲೇಟು, ಚಾರ್ಜನ್ನು ಮಿತಿಯಲ್ಲಿಡುವ ರೆಗ್ಯುಲೇಟರು ಎರಡೂ ತಯಾರಕರ ಡಬ್ಬಿಯವೇ. ಕಾರ್ಬನ್ ಸೆಟ್ಟಿಗೂ ಅಷ್ಟೇ. ಹತ್ತಿಪ್ಪತ್ತು ರೂಪಾಯಿ ಉಳಿಸಲಿಕ್ಕೆ ಲೋಕಲ್ ಕಾರ್ಬನ್ ಹಾಕಿದರೆ ಅದು ಉಂಗುರವನ್ನೇ ತಿನ್ನುತ್ತದೆ.

ಉಂಗುರದ ಮೇಲೆ ಸಣ್ಣ ಗೀರು ಬಿದ್ದಿತ್ತು. ಪಕ್ಕದ ಲೇತಿನಲ್ಲಿ ಕೂದಲೆಳೆಯಷ್ಟು ತೆಗೆಸಿ, ನಯ ಎಮರಿ ಹಿಡಿಸಿದರು. ಶಾಫ್ಟಿಗೆ ಬೇರಿಂಗ್ ಹಾಕುವಾಗ ಸುತ್ತಿಗೆ ಏಟು ಹೊರಗಿನ ಬಳೆಗೆ ಬೀಳದ ಹಾಗೆ, ಒಳಗಿನ ಬಳೆಗೆ ಮಾತ್ರ ಕೂರುವ ಪೈಪ್ ತುಂಡು ಇಟ್ಟು ಒತ್ತಿದರು. ಹೊಸ ಬೇರಿಂಗ್ ಹಾಕುವಾಗಲೇ ಹಾಳಾಗುವುದು ಇಲ್ಲೇ, ಹೊರಬಳೆಗೆ ಹೊಡೆದರೆ ಗುಂಡುಗಳು ತಮ್ಮ ಹಾದಿಯಲ್ಲಿ ಗುರುತು ಬೀಳಿಸುತ್ತವೆ. ಬಣ್ಣ ಬಳಿಯಬೇಡಿ ಅಂತ ಮೊದಲೇ ಹೇಳಿದ್ದೆ. ಕಿವಿಗಳನ್ನು ವೈರ್ ಬ್ರಶ್ಶಿನಲ್ಲಿ ಉಜ್ಜಿ ಕೊಟ್ಟರು. ಹಳೇ ಸಾಮಾನೆಲ್ಲ ಒಂದು ಕೊಟ್ಟೆಯಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು. ಇದನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ.

ಗಾಡಿಗೆ ಕೂರಿಸಿ ನೋಡಿದರೆ ಖಾಲಿ ಇದ್ದಾಗ 14.2, ಎಲ್ಲ ಲೈಟು ಹಾಕಿದಾಗ 13.9. ಎಸಿ 0.1ರ ಒಳಗೆ. ದೀಪ ಆರಿತು.

ಸೆಲ್ಫ್ ಮೋಟರಿಗೆ ಇಷ್ಟು ಕತೆ ಇಲ್ಲ. ಅದೂ ಅದೇ ಮೇಜಿನ ಮೇಲೆ ಬಿಚ್ಚಿತು. ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟು ಬಿಡುವ ಸೊಲೆನಾಯ್ಡಿನ ತಾಮ್ರದ ಕಾಂಟ್ಯಾಕ್ಟ್ ಒಂದು ಬದಿ ಸುಟ್ಟು ಗುಂಡಿ ಬಿದ್ದಿತ್ತು, ಅದಕ್ಕೇ ಬರೀ 'ಟಕ್'. ಹಿಂದಿನ ಬುಷ್ ಸವೆದು ಒಳಗೆ ತಿರುಗುವ ಆರ್ಮೇಚರ್ ಇನ್ನೇನು ಮೈಗೆ ತಾಗುವ ಹಂತಕ್ಕೆ ಬಂದಿತ್ತು. ಸೊಲೆನಾಯ್ಡ್ ಹೊಸದು, ಬುಷ್, ಕಾರ್ಬನ್ ಹೊಸದು. ಎಂಜಿನ್ನಿನ ಹಲ್ಲುಚಕ್ರ ತಿರುಗಿಸುವ ಚಿಕ್ಕ ಗೇರು, ಬೆಂಡಿಕ್ಸ್, ಅದರ ಹಲ್ಲು ಚೆನ್ನಾಗಿತ್ತು, ಒಂದೇ ಕಡೆಗೆ ತಿರುಗುತ್ತಿತ್ತು, ಇಟ್ಟುಕೊಂಡೆವು. ಸೆಲ್ಫ್ ಸಂಪೂರ್ಣ ಹೋಗಿ ಮೈಯೇ ಒಡೆದಿದ್ದರೆ ನಾನು ಹುಬ್ಬಳ್ಳಿ ಗುಜರಿಯಿಂದ ಯಾರೂ ಬಿಚ್ಚದ ಹಳೇ ಒರಿಜಿನಲ್ ಒಂದನ್ನು ತಂದು ಕಟ್ಟಿಸುತ್ತಿದ್ದೆ. ಬಣ್ಣ ಬಳಿದದ್ದಕ್ಕಿಂತ ಮಣ್ಣು ಮೆತ್ತಿದ್ದು ವಾಸಿ, ಕಡೇ ಪಕ್ಷ ಏನಿದೆ ಅಂತ ಕಾಣುತ್ತದೆ.

ಈಗ ಎಕ್ಸೆಲ್, ಅಂದರೆ ಗೇರ್‌ಬಾಕ್ಸಿನಿಂದ ಮುಂದಿನ ಗಾಲಿಗೆ ಎಳೆತ ಕೊಡುವ ಶಾಫ್ಟು, ಎರಡು ತುದಿಗೂ ಬಾಗುವ ಜಾಯಿಂಟ್ ಇರುವುದು. ಇಲ್ಲಿ ಮಾತ್ರ ಭಾವನ ಸಲಹೆ ನಡೆಯಲಿಲ್ಲ.

ಎಡಗಾಲಿ ಕಡೆಯ ಹೊರಗಿನ ಜಾಯಿಂಟಿನ ರಬ್ಬರ್ ಬೂಟು ಒಳಮೈಯಲ್ಲಿ ಸೀಳಿತ್ತು. ಗ್ರೀಸು ಹೊರಗೆ ಚಿಮ್ಮಿ, ಆ ಜಾಗಕ್ಕೆ ಮರಳು, ಉಪ್ಪುನೀರು ಹೋಗಿದೆ. ಎಷ್ಟು ಕಾಲದಿಂದಲೋ ಏನೋ. ಆ ಜಾಯಿಂಟಿನೊಳಗೆ ಆರು ಉಕ್ಕಿನ ಗುಂಡು, ಅವನ್ನು ಹಿಡಿಯುವ ಒಂದು ಪಂಜರ, ಒಳಗೂ ಹೊರಗೂ ಬಾಗಿದ ತೋಡುಗಳು. ಬಿಚ್ಚಿ ಡೀಸೆಲಿನಲ್ಲಿ ತೊಳೆದೆ. ಗುಂಡು ಓಡಾಡುವ ತೋಡಿನಲ್ಲಿ ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು, ಒಂದೇ ಬದಿಯಲ್ಲಿ. ಗಾಡಿ ಮುಂದಕ್ಕೆ ಎಳೆಯುವಾಗ ಭಾರ ಬೀಳುವ ಬದಿ ಅದು. ಪಂಜರದ ಕಿಟಕಿಗಳೂ ಅಗಲವಾಗಿದ್ದವು.

ಡೈನಮೋದಲ್ಲಿ ಬೇರಿಂಗ್ ಸವೆದರೆ ಬೇರಿಂಗ್ ಬದಲಿಸಿದರೆ ಮುಗಿಯಿತು. ಇಲ್ಲಿ ಸವೆದದ್ದು ಜಾಯಿಂಟಿನ ಮೈಯೇ. ಉಕ್ಕಿನ ಮೇಲ್ಪದರವನ್ನು ಮಾತ್ರ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಅದು ಸವೆದು ಎದ್ದ ಮೇಲೆ ಕೆಳಗಿರುವುದು ಮೆತ್ತಗಿನ ಕಬ್ಬಿಣ. ಇದನ್ನು ಸರಿಯಾಗಿ ರೀಬಿಲ್ಡ್ ಮಾಡಬೇಕೆಂದರೆ ತೋಡುಗಳನ್ನು ಅಳತೆಗೆ ಮತ್ತೆ ಗ್ರೈಂಡ್ ಮಾಡಿ, ಸ್ವಲ್ಪ ದೊಡ್ಡ ಗುಂಡು ಹಾಕಬೇಕು. ಹಾಗೆ ಮಾಡುವ ಕಾರ್ಖಾನೆ ಕೆಲಸ ಬೇರೆ. ನಮ್ಮ ಕಡೆ ರೀಕಂಡಿಶನ್ ಎಕ್ಸೆಲ್ ಅಂತ ನನ್ನ ಕೈಗೆ ಕೊಟ್ಟದ್ದು ತೊಳೆದು, ಹೊಸ ಗ್ರೀಸು ತುಂಬಿ, ಹೊಸ ಬೂಟು ಹಾಕಿ, ಕಪ್ಪು ಬಣ್ಣ ಹೊಡೆದದ್ದು. ಬೂಟಿನ ಬಾಯಿ ಸ್ವಲ್ಪ ಸರಿಸಿ, ಶಾಫ್ಟ್ ಹಿಡಿದು ಜಾಯಿಂಟನ್ನು ಹಿಂದೆ ಮುಂದೆ ತಿರುಚಿದೆ. ಗುಂಡು 'ಕಳಕ್' ಅಂತ ಆ ಕಡೆ ಈ ಕಡೆ ಹೊಡೆಯುವುದು ಕೈಗೇ ತಿಳಿಯಿತು. ನನ್ನದೂ ಅದೂ ಒಂದೇ, ಬಣ್ಣ ಬಿಟ್ಟರೆ.

ಹಳೇ ಮೆಕ್ಯಾನಿಕ್ಕರ ಒಂದು ಉಪಾಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎಡ ಬಲದ ಹೊರ ಜಾಯಿಂಟುಗಳನ್ನು ಅದಲು ಬದಲು ಮಾಡಿದರೆ ಭಾರ ಸವೆಯದ ಬದಿಗೆ ಬೀಳುತ್ತದೆ, ಶಬ್ದ ನಿಲ್ಲುತ್ತದೆ. ಉಪಾಯ ನಿಜ, ತಾತ್ಕಾಲಿಕಕ್ಕೆ ಆಗುತ್ತದೆ. ಆದರೆ ಪಂಜರವೇ ಸಡಿಲಾಗಿರುವಾಗ ಅದನ್ನು ಮಾಡಿ ಘಾಟಿ ಹತ್ತುವುದು ಬೇಡ. ಪಂಜರ ಒಡೆದರೆ ಗಾಲಿಗೆ ಎಳೆತವೇ ಇರುವುದಿಲ್ಲ.

ಹಾಗಂತ ಇಡೀ ಎಕ್ಸೆಲ್ ಹೊಸದು ಬೇಕಾಗಿರಲಿಲ್ಲ. ಶಾಫ್ಟು ನೇರ ಇದೆ, ಒಳಗಿನ ಜಾಯಿಂಟಿನ ಬೂಟು ಗಟ್ಟಿ ಇದೆ, ಆಟ ಇಲ್ಲ. ಹೊರಗಿನ ಜಾಯಿಂಟ್ ಕಿಟ್ ಮಾತ್ರ, ಜಾಯಿಂಟ್ ತಯಾರಕರಾದ ಜಿಕೆಎನ್ ಡಬ್ಬಿಯದು, ಹುಬ್ಬಳ್ಳಿಯಿಂದ ತರಿಸಿದೆ. ಬೂಟು, ಎರಡು ಕ್ಲಿಪ್ಪು, ಲಾಕ್ ರಿಂಗು, ಕಪ್ಪು ಮಾಲಿಬ್ಡಿನಮ್ ಗ್ರೀಸಿನ ಪೊಟ್ಟಣ ಎಲ್ಲ ಅದರೊಳಗೇ. ಆ ಗ್ರೀಸು ಪೂರ್ತಿ ತುಂಬಿ. ಅಂಗಡಿಯ ಹಳದಿ ಗ್ರೀಸು ಈ ಕೆಲಸಕ್ಕೆ ಅಲ್ಲ. ಎಕ್ಸೆಲನ್ನು ಗೇರ್‌ಬಾಕ್ಸಿನಿಂದ ಎಳೆದರೆ ಗೇರ್ ಆಯಿಲ್ ಸುರಿಯುತ್ತದೆ, ಕೆಳಗೆ ತಟ್ಟೆ ಇಡಿ, ಆಮೇಲೆ ಅಷ್ಟು ಆಯಿಲ್ ವಾಪಸ್ ತುಂಬಿ. ಹಬ್ಬಿನ ನಟ್ಟು ಹೊಸದೇ ಹಾಕಿ, ಅದರ ಅಂಚನ್ನು ಶಾಫ್ಟಿನ ತೋಡಿಗೆ ಬಡಿದು ಲಾಕ್ ಮಾಡಿ.

ಬ್ರೇಕಿನ ವಿಷಯ ಬಂದರೆ ಚರ್ಚೆಯೇ ಇಲ್ಲ. ಹೇಗೂ ಗಾಲಿ ಬಿಚ್ಚಿದ್ದೇನೆ ಅಂತ ಹಿಂದಿನ ಡ್ರಮ್ ತೆಗೆದು ನೋಡಿದಾಗ ಬ್ರೇಕ್ ಶೂ ತಳ್ಳುವ ಒಂದು ವೀಲ್ ಸಿಲಿಂಡರಿನ ರಬ್ಬರಿನಡಿ ತೇವ ಇತ್ತು. ರಬ್ಬರ್ ಕಿಟ್ ಸಿಗುತ್ತದೆ, ಅಗ್ಗವೂ ಹೌದು. ಆದರೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಗಾಳಿಯಲ್ಲಿ ಕೇಳಬೇಕೇ. ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಚುಕ್ಕಿ ಬಿದ್ದಿತ್ತು. ಅದರ ಮೇಲೆ ಹೊಸ ರಬ್ಬರ್ ಕೂರಿಸಿದರೆ ಸ್ವಲ್ಪ ದಿನಕ್ಕೆ ಮತ್ತೆ ಸೋರುತ್ತದೆ. ಎರಡೂ ಬದಿ ಹೊಸ ಸಿಲಿಂಡರ್, ಹೊಸ ಆಯಿಲ್, ಏರ್ ತೆಗೆದು ಮುಗಿಸಿದೆ.

ಗ್ಯಾರಂಟಿ ಬಗ್ಗೆ ಒಂದು ಮಾತು. ಡಬ್ಬಿಯ ಪಾರ್ಟಿಗೆ ಬಿಲ್ಲು ಇದ್ದರೆ ಕೇಳುವ ಹಕ್ಕು ಇರುತ್ತದೆ. ಕಟ್ಟಿಸಿದ ಪಾರ್ಟಿಗೆ "ಆರು ತಿಂಗಳು ಏನಾದ್ರೂ ಆದ್ರೆ ತನ್ನಿ" ಅಂತ ಬಾಯಿಮಾತು ಇರುತ್ತದೆ. ಯಾವ ಸಾಮಾನು ಹಾಕಿದರು, ಯಾವ ದಿನ, ಎಷ್ಟು ಕಾಲ ಅಂತ ನಾಯ್ಕರ ಹತ್ತಿರ ಬಿಲ್ಲಿನ ಮೇಲೇ ಬರೆಸಿಕೊಂಡೆ, ಅವರು ಬೇಜಾರು ಮಾಡಲಿಲ್ಲ. ಇಳಿಸಿ ಹತ್ತಿಸುವ ಕೂಲಿ ಸಾಮಾನ್ಯವಾಗಿ ಗ್ಯಾರಂಟಿಯಲ್ಲಿ ಸೇರುವುದಿಲ್ಲ, ನೆನಪಿರಲಿ. ಬಿಚ್ಚಲಿಕ್ಕೇ ಅರ್ಧ ದಿನ ಹಿಡಿಯುವ ಪಾರ್ಟಾದರೆ ಇದೊಂದೇ ಕಾರಣಕ್ಕೆ ಹೊಸದರ ಕಡೆ ವಾಲುವುದು ತಪ್ಪಲ್ಲ. ಈ ಗಾಡಿಯಲ್ಲಿ ಡೈನಮೋ ಇಳಿಸುವುದು ಮನೆಯಲ್ಲೇ ಆಗುವ ಕೆಲಸ.

ಈಗ ಬಲಗಡೆ ಹೊರ ಜಾಯಿಂಟಿನ ಬೂಟಿನ ಮಡಿಕೆಯಲ್ಲೂ ಸಣ್ಣ ಬಿರುಕು ಕಾಣುತ್ತಿದೆ. ಗ್ರೀಸು ಇನ್ನೂ ಹೊರಗೆ ಬಂದಿಲ್ಲ, ತಿರುಗಿಸಿದರೆ ಶಬ್ದವೂ ಇಲ್ಲ. ಅಲ್ಲಿಗೆ ಜಾಯಿಂಟ್ ಬೇಡ, ಬೂಟು ಮತ್ತು ಗ್ರೀಸು ಸಾಕು. ಹುಬ್ಬಳ್ಳಿಗೆ ಹೇಳಿದ್ದೇನೆ, ಬಸ್ಸಿಗೆ ಹಾಕುತ್ತಾರಂತೆ.